ಕೊಡಗಿನಲ್ಲಿ ಗೇಮಿಂಗ್ ಪಿಸಿ ಕಟ್ಟುವವರು ಪವರ್ ಸಪ್ಲೈಯಿಂದ ಶುರು ಮಾಡಿ

ಯೂಟ್ಯೂಬಿನಲ್ಲಿ ಸಿಗುವ "80 ಸಾವಿರದ ಗೇಮಿಂಗ್ ಪಿಸಿ" ಲಿಸ್ಟುಗಳನ್ನು ನೋಡಿ. ಮೇಲುಗಡೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ. ಆಮೇಲೆ ಪ್ರೊಸೆಸರ್, ಲಿಕ್ವಿಡ್ ಕೂಲರ್, ಬಣ್ಣಬಣ್ಣದ ಫ್ಯಾನುಗಳು. ಮನೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಹೊಂದಿಸಿ ಕೊಡುವ ಪವರ್ ಸಪ್ಲೈ ಕೊನೇ ಸಾಲಿನಲ್ಲಿ, ಮಿಕ್ಕ ಪುಡಿಗಾಸಿನಲ್ಲಿ. ಕರೆಂಟ್ ಹೋದಾಗ ಬ್ಯಾಟರಿಯಿಂದ ಪಿಸಿ ನಡೆಸುವ ಯುಪಿಎಸ್ ಅಂತೂ ಲಿಸ್ಟಿನಲ್ಲೇ ಇರುವುದಿಲ್ಲ.

ದೊಡ್ಡ ಊರಿನ ಅಪಾರ್ಟ್‌ಮೆಂಟಿಗೆ ಅದು ನಡೆಯಬಹುದು. ನಾಪೋಕ್ಲು, ಸಿದ್ದಾಪುರ, ಶ್ರೀಮಂಗಲದ ಕಡೆಯ ತೋಟದ ಮನೆಗೆ ನಡೆಯುವುದಿಲ್ಲ. ನಮ್ಮಲ್ಲಿ ಆ ಲಿಸ್ಟನ್ನು ತಲೆಕೆಳಗು ಮಾಡಬೇಕು. ಮೊದಲು ಅರ್ತಿಂಗ್, ಪವರ್ ಸಪ್ಲೈ, ಯುಪಿಎಸ್. ಆಮೇಲೆ ಮಾನಿಟರ್. ಅದನ್ನು ನೋಡಿಕೊಂಡು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಚಿಂತೆ ಕೊನೆಗೆ. ನಮ್ಮ ಹುಡುಗರು ಕಷ್ಟಪಟ್ಟು ಕೂಡಿಟ್ಟ ದುಡ್ಡು ಒಂದು ಮಳೆಗಾಲಕ್ಕೆ ಸುಟ್ಟು ಹೋಗಬಾರದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇಯಲ್ಲಿ ಗುಡುಗು ಸಿಡಿಲು. ಜೂನಿನಿಂದ ಮಳೆ. ಜುಲೈ, ಆಗಸ್ಟಿನ ಕಕ್ಕಡ ತಿಂಗಳ ಗಾಳಿಗೆ ಎಲ್ಲೋ ಒಂದು ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ಅವತ್ತಿನ ಕರೆಂಟ್ ಮುಗಿಯಿತು. ಆ ಮಳೆಯಲ್ಲೂ ಕಂಬ ಹತ್ತಿ ಸರಿ ಮಾಡುವ ಲೈನ್‌ಮನ್‌ಗಳ ಬಗ್ಗೆ ನನಗೆ ಗೌರವ ಇದೆ. ಆದರೆ ಹೋದ ಕರೆಂಟ್ ವಾಪಸ್ ಬರುವಾಗ ನೆಟ್ಟಗೆ ಬರುವುದಿಲ್ಲ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಪಿಸಿಗೆ ಪೆಟ್ಟು ಬೀಳುವುದು ಆ ಹೊತ್ತಿನಲ್ಲೇ ಜಾಸ್ತಿ. ಇನ್ನು ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆಯುವ ಕಾಲ. ಅಕ್ಕಪಕ್ಕದ ತೋಟದಲ್ಲಿ ಕರೆಂಟ್ ಮೋಟಾರ್ ಸ್ಟಾರ್ಟ್ ಆದರೆ ಲೈನಿನ ಕೊನೆಯಲ್ಲಿರುವ ಮನೆಯ ಬಲ್ಬು ಮಂಕಾಗುತ್ತದೆ. ಬಲ್ಬು ಮಂಕಾದಾಗ ಪಿಸಿಗೂ ಅಷ್ಟೇ ವೋಲ್ಟೇಜ್ ಸಿಗುವುದು, ಅಲ್ವಾ?

ಆದ್ದರಿಂದ ಅಂಗಡಿಗೆ ಹೋದಾಗ ಪವರ್ ಸಪ್ಲೈಯ ಡಬ್ಬ ತಿರುಗಿಸಿ, ಲೇಬಲ್ ಓದಿ. ಮೊದಲು ಇನ್‌ಪುಟ್ ಸಾಲು. ಕೆಲವು ಅಗ್ಗದ ಯೂನಿಟ್‌ಗಳಲ್ಲಿ 200–240 ವೋಲ್ಟ್ ಎಂದಿರುತ್ತದೆ. ಒಳ್ಳೆಯದರಲ್ಲಿ 100–240 ವೋಲ್ಟ್ ಎಂದಿರುತ್ತದೆ. ನಮಗೆ ಎರಡನೆಯದೇ ಬೇಕು. ಸಂಜೆ ವೋಲ್ಟೇಜ್ 170ಕ್ಕೆ ಇಳಿದರೂ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. 200–240ರದ್ದು ಆಟದ ಮಧ್ಯೆ ಆಫ್ ಆಗಬಹುದು, ನೀವು ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ ಪಡುತ್ತಾ ಕೂರುತ್ತೀರಿ.

ಆಮೇಲೆ 12 ವೋಲ್ಟಿನ ಸಾಲು ನೋಡಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಮ್ಮಿ ಪೂರ್ತಿ ಇಲ್ಲಿಂದಲೇ ಕುಡಿಯುತ್ತವೆ. ಒಂದು ಅಂಗಡಿಯಲ್ಲಿ ನನ್ನ ಜೊತೆ ಬಂದಿದ್ದ ಹುಡುಗನಿಗೆ "450 ವ್ಯಾಟ್ ಇದೆ, ಧಾರಾಳ ಸಾಕು ತಗೊಳ್ಳಿ" ಎಂದು ಒಂದು ಯೂನಿಟ್ ಕೊಟ್ಟರು. ಲೇಬಲ್ ನೋಡಿದರೆ 12 ವೋಲ್ಟಿಗೆ 16 ಆಂಪಿಯರ್. ಗುಣಿಸಿ ನೋಡಿ, 192 ವ್ಯಾಟ್. ಮೇಲೆ ದಪ್ಪಕ್ಷರದಲ್ಲಿ 450, ಒಳಗೆ ಕೆಲಸಕ್ಕೆ ಬರುವುದು ಅದರ ಅರ್ಧವೂ ಅಲ್ಲ. ಒಳ್ಳೆಯ ಕಂಪನಿಯ 550 ವ್ಯಾಟ್ ಯೂನಿಟ್ಟಿನಲ್ಲಿ ಇದೇ ಸಾಲಿನಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ. ಅಂದರೆ 540 ವ್ಯಾಟ್. ಮಧ್ಯಮ ದರ್ಜೆಯ ಪಿಸಿಗೆ 550ರಿಂದ 650 ವ್ಯಾಟ್ ಸಾಕು. 850ರದ್ದು ಬೇಕಾಗಿಲ್ಲ. "80 ಪ್ಲಸ್ ಬ್ರಾಂಜ್" ಚೀಟಿ ಕಂಡ ಕೂಡಲೇ ನಂಬಬೇಡಿ. ಆ ಚೀಟಿ ಕರೆಂಟ್ ಎಷ್ಟು ಪೋಲಾಗುತ್ತದೆ ಎಂದಷ್ಟೇ ಹೇಳುತ್ತದೆ, ಸಿಡಿಲಿಗೆ ತಡೆಯುತ್ತದಾ ಎಂದು ಹೇಳುವುದಿಲ್ಲ. ವಾರಂಟಿ ಐದು ವರ್ಷಕ್ಕಿಂತ ಕಮ್ಮಿ ಇದ್ದರೆ ನಾನಂತೂ ತೆಗೆದುಕೊಳ್ಳುವುದಿಲ್ಲ.

ಈಗ ಅರ್ತಿಂಗ್. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ತೂತಿನ ಹಿಂದೆ ವೈರೇ ಇರುವುದಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂಭಾಗದ ತಗಡು ಮುಟ್ಟಿದರೆ ಜುಂ ಅನ್ನುತ್ತದೆ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ. ಪವರ್ ಸಪ್ಲೈ ಕೆಟ್ಟಿದೆ ಎಂದು ತುಂಬಾ ಜನ ವಾಪಸ್ ಕೊಡಲು ಹೋಗುತ್ತಾರೆ. ಆದರೆ ತೊಂದರೆ ಮನೆಯದು. ಪವರ್ ಸಪ್ಲೈಯ ಫಿಲ್ಟರಿನಲ್ಲಿರುವ ಸಣ್ಣ ಕೆಪಾಸಿಟರ್‌ಗಳು ಚೂರು ಕರೆಂಟನ್ನು ಅರ್ತ್‌ಗೆ ಬಿಡುತ್ತವೆ. ಅರ್ತ್ ಇಲ್ಲದಿದ್ದರೆ ಆ ಕರೆಂಟಿಗೆ ದಾರಿ ಇಲ್ಲ, ತಗಡಿನಲ್ಲಿ ಸುಮಾರು 115 ವೋಲ್ಟ್ ಕೂತಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ ಅರ್ತ್ ಕೊಡಿಸಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ. ಇದು ಪಿಸಿಗೊಂದೇ ಅಲ್ಲ, ಮನೆಯ ಗೀಸರಿಗೂ ಫ್ರಿಜ್ಜಿಗೂ, ಮನೆಯವರ ಜೀವಕ್ಕೂ ಬೇಕು.

ಯುಪಿಎಸ್ ವಿಷಯದಲ್ಲಿ ವಿಎ (ವೋಲ್ಟ್-ಆಂಪಿಯರ್) ನಂಬರ್ ನೋಡಿ ಮೋಸಹೋಗಬೇಡಿ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ಆಟ ಆಡುವಾಗ ಪಿಸಿ, ಮಾನಿಟರ್ ಸೇರಿ ಅಷ್ಟರ ಹತ್ತಿರಕ್ಕೇ ಬರುತ್ತದೆ. 1000 ವಿಎ ಮೇಲಿನದು ತೆಗೆದುಕೊಳ್ಳಿ. ಸಾಧ್ಯವಾದರೆ ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನ ತರ ನಯವಾದ ಅಲೆ ಕೊಡುವಂಥದ್ದು. ಈಗಿನ ಒಳ್ಳೆಯ ಪವರ್ ಸಪ್ಲೈಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ಸರ್ಕ್ಯೂಟ್) ಇರುತ್ತದೆ. ಅಗ್ಗದ ಯುಪಿಎಸ್ ಕೊಡುವ ಮೆಟ್ಟಿಲು ಮೆಟ್ಟಿಲಾದ ಕರೆಂಟ್ ಅವುಗಳಲ್ಲಿ ಕೆಲವಕ್ಕೆ ಹಿಡಿಸುವುದಿಲ್ಲ. ಯುಪಿಎಸ್ ಇದ್ದೂ ಪಿಸಿ ಆಫ್ ಆಗುತ್ತದೆ.

"ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಸಾಲದಾ?" ಎಂದು ಕೇಳುವವರಿಗೆ: ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇದೆಯಾ ನೋಡಿ. ನಾರ್ಮಲ್ ಅಥವಾ ಇಕೋ ಒಂದು ಕಡೆ, ಯುಪಿಎಸ್ ಇನ್ನೊಂದು ಕಡೆ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತು ಬಲ್ಬಿಗೆ ಪರವಾಗಿಲ್ಲ, ಪಿಸಿ ಆಫ್ ಆಗಬಹುದು. ಯುಪಿಎಸ್ ಮೋಡಿನಲ್ಲಿ ಬೇಗ ಬದಲಾಗುತ್ತದೆ. ಆದರೆ ವೋಲ್ಟೇಜ್ 180ರ ಆಸುಪಾಸು ಇಳಿದರೆ ಸಾಕು, ಅದು ಬ್ಯಾಟರಿಗೆ ಹಾರುತ್ತದೆ. ಲೋ ವೋಲ್ಟೇಜ್ ಇರುವ ಮನೆಯಲ್ಲಿ ಸಂಜೆಗೇ ಬ್ಯಾಟರಿ ಖಾಲಿ, ರಾತ್ರಿ ಅಮ್ಮನಿಗೆ ಅಡುಗೆಮನೆಯಲ್ಲಿ ಲೈಟಿಲ್ಲ. ಹಾಗಾಗಿ ಪಿಸಿಗೆ ಬೇರೆ ಯುಪಿಎಸ್ಸೇ ಇರಲಿ.

ಗುಡುಗು ಕೇಳಿಸಿದರೆ ಇದ್ಯಾವುದನ್ನೂ ನಂಬಬೇಡಿ. ಪ್ಲಗ್ ಕೀಳಿ, ಲ್ಯಾನ್ ವೈರನ್ನೂ ಕೀಳಿ.

ಇನ್ನು ಆಟದ ವಿಷಯಕ್ಕೆ ಬರೋಣ. ಮಾನಿಟರ್ ಮೊದಲು ನಿರ್ಧರಿಸಿ ಎಂದಿದ್ದು ಯಾಕೆಂದರೆ, ಕಾರ್ಡಿನ ಕೆಲಸ ಎಷ್ಟು ಎಂದು ತೀರ್ಮಾನ ಮಾಡುವುದು ಅದೇ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ (ಚಿತ್ರದ ಚುಕ್ಕೆ). 1440ಪಿಯಲ್ಲಿ 36.9 ಲಕ್ಷ. ಕೆಲಸ ಎರಡು ಪಟ್ಟಿನ ಹತ್ತಿರ. ವ್ಯಾಲೊರಂಟ್, ಸಿಎಸ್2 ಆಡುವವರಿಗೆ 1080ಪಿ, 144 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ) ಮೇಲಿನ ಮಾನಿಟರ್ ಬೇಕಾದಷ್ಟಾಯಿತು. ಅದಕ್ಕೆ 8 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600 ತರದ ಕಾರ್ಡ್ ಧಾರಾಳ. ಕಥೆ ಇರುವ ದೊಡ್ಡ ಆಟಗಳನ್ನು ನಿಧಾನಕ್ಕೆ ಆಡುವವರು 1440ಪಿ ತೆಗೆದುಕೊಳ್ಳಲಿ. ಆಗ 8 ಜಿಬಿ ಕಾರ್ಡ್ ಬೇಡ ಎನ್ನುವುದು ನನ್ನ ಮಾತು. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ ಎರಡರಲ್ಲೂ 8 ಜಿಬಿ, 16 ಜಿಬಿ ಎಂದು ಎರಡು ತರ ಇವೆ. ಹೆಸರು ಒಂದೇ. ಡಬ್ಬದ ಮೇಲೆ 16 ಎಂದು ಕಣ್ಣಾರೆ ನೋಡಿ ದುಡ್ಡು ಕೊಡಿ. ಕಾರ್ಡ್ ಕೂರುವ ಸ್ಲಾಟ್ ಹಳೇ ಪಿಸಿಐಇ 3.0 ಆಗಿರುವ ಮದರ್‌ಬೋರ್ಡಿಗೆ ಹಾಕುವವರಿಗೆ ಇನ್ನೊಂದು ಮಾತು. 5060 ಟಿಐ ಎಂಟೇ ಲೇನ್ (ಮಾಹಿತಿ ಓಡುವ ದಾರಿ) ಬಳಸುತ್ತದೆ, 9060 ಎಕ್ಸ್‌ಟಿ ಹದಿನಾರು. ಅಂಥ ಬೋರ್ಡಿಗೆ ನಾನಾದರೆ ಎರಡನೆಯದನ್ನೇ ಹಾಕುತ್ತೇನೆ.

ಪ್ರೊಸೆಸರ್‌ಗೆ ಆರು ಕೋರ್ ಸಾಕು. ಹೊಸದಾಗಿ ಕಟ್ಟುವವರಿಗೆ ರೈಜನ್ 5 7600. ಅದು ಕೂರುವ ಎಎಂ5 ಸಾಕೆಟ್ ಬಂದಿದ್ದು 2022ರಲ್ಲಿ, ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸಲು ದಾರಿ ಇರುತ್ತದೆ. ಮನೆಯಲ್ಲಿ ಆಗಲೇ ಅದಕ್ಕೂ ಹಿಂದಿನ ಎಎಂ4 ಸಾಕೆಟ್ಟಿನ ಬೋರ್ಡ್, ಡಿಡಿಆರ್4 ರ‍್ಯಾಮ್ ಇದ್ದರೆ ಅದನ್ನು ಬಿಸಾಡಬೇಡಿ. ಬಯೋಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ರೈಜನ್ 5 5600 ಕೂರಿಸಿ, ಮಿಕ್ಕ ದುಡ್ಡನ್ನು ಕಾರ್ಡಿಗೆ ಹಾಕಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ. ಎಐ ಡೇಟಾ ಸೆಂಟರ್‌ಗಳೇ ಮೆಮೊರಿಯನ್ನೆಲ್ಲ ಎಳೆದುಕೊಳ್ಳುತ್ತಿವೆ. ಇಂಥ ಹೊತ್ತಿನಲ್ಲಿ ಕೈಯಲ್ಲಿರುವ ಒಳ್ಳೆಯ ಡಿಡಿಆರ್4ಗೆ ಬೆಲೆ ಇದೆ. ಹೊಸದಾಗಿ ಕೊಳ್ಳುವವರು ಡಿಡಿಆರ್5 6000 ವೇಗದ್ದನ್ನು ಎರಡು ಸ್ಟಿಕ್ಕಿನ ಜೋಡಿಯಾಗಿ ತನ್ನಿ. ಬಯೋಸ್‌ಗೆ ಹೋಗಿ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಆನ್ ಮಾಡಿ. ಆನ್ ಮಾಡದಿದ್ದರೆ ಅದು ಕಮ್ಮಿ ವೇಗದಲ್ಲೇ ಓಡುತ್ತದೆ, ಕೊಟ್ಟ ದುಡ್ಡು ದಂಡ. ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ ಯಾವುದಾದರೂ ನಂಬಿಕಸ್ಥ ಕಂಪನಿಯದ್ದು.

ಲಿಕ್ವಿಡ್ ಕೂಲರ್ ನಮ್ಮ ಜಿಲ್ಲೆಗೆ ಬೇಡವೇ ಬೇಡ. ಬಯಲುಸೀಮೆಯ ಸೆಕೆ ನಮಗಿಲ್ಲ. 65 ವ್ಯಾಟಿನ 7600ಗೆ ಡಬ್ಬದಲ್ಲೇ ಬರುವ ಫ್ಯಾನ್ ನಡೆಯುತ್ತದೆ. ಸದ್ದು ಜಾಸ್ತಿ ಅನಿಸಿದರೆ ಒಂದು ಸಾಧಾರಣ ಟವರ್ ಕೂಲರ್ ಹಾಕಿ. ಇಲ್ಲಿ ಉಳಿದ ದುಡ್ಡು ಯುಪಿಎಸ್‌ಗೆ ಹೋಗಲಿ.

ನಮ್ಮ ಶತ್ರು ಬಿಸಿಯಲ್ಲ, ತೇವ. ಬೀರುವಿನಲ್ಲಿಟ್ಟ ಬೆಲ್ಟಿಗೂ ಶೂಗೂ ಬೂಷ್ಟು ಹಿಡಿಯುವ ಊರು ಇದು. ಮಳೆಗಾಲದಲ್ಲಿ ಪಿಸಿಗೆ ಪ್ಲಾಸ್ಟಿಕ್ ಕವರ್ ಹಾಕಿ ಕಟ್ಟಿಡುವವರಿದ್ದಾರೆ, ಅದರಿಂದ ತೇವ ಒಳಗೇ ಉಳಿಯುತ್ತದೆ. ಅದರ ಬದಲು ದಿನಾ ಸ್ವಲ್ಪ ಹೊತ್ತಾದರೂ ಆನ್ ಮಾಡಿ. ಒಳಗಿನ ಬಿಸಿಗೆ ತೇವ ಆರುತ್ತದೆ. ನೆಲದ ಮೇಲೆ ಇಡಬೇಡಿ, ಕಿಟಕಿ ಪಕ್ಕ ಮಂಜು ಒಳಗೆ ಬರುವ ಕಡೆ ಬೇಡ, ಗೋಡೆಗೆ ಒರಗಿಸಬೇಡಿ. ಧೂಳಿನ ಫಿಲ್ಟರ್ ಇರುವ ಕ್ಯಾಬಿನೆಟ್ ತನ್ನಿ. ಹಿಂದಿನ ಖಾಲಿ ಸ್ಲಾಟಿನ ತಗಡು ಬಿದ್ದುಹೋಗಿದ್ದರೆ ಮುಚ್ಚಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆ, ಹಲ್ಲಿ ಒಳಗೆ ಹೋಗುತ್ತವೆ. ಧೂಳು ತೇವ ಸೇರಿದರೆ ಬೋರ್ಡಿನ ಮೇಲೆ ಕರೆಂಟ್ ಹರಿಯಲು ದಾರಿಯಾಗುತ್ತದೆ.

ಕೊನೆಯದಾಗಿ, ಬಿಡಿಭಾಗ ಕೆಟ್ಟರೆ ನಮಗೆ ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಸಿಗುವುದು ಕಷ್ಟ. ಮೈಸೂರು ಅಥವಾ ಬೆಂಗಳೂರಿಗೆ ಕಳುಹಿಸಬೇಕು. ಬಿಲ್, ಡಬ್ಬ, ಒಳಗಿನ ಫೋಮ್ ಎಲ್ಲವನ್ನೂ ಎತ್ತಿಡಿ. ಪ್ರೊಸೆಸರ್ ಕೊಳ್ಳುವಾಗ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇಲ್ಲದ್ದನ್ನೇ ಆರಿಸಿ ಎನ್ನುವುದೂ ಇದಕ್ಕೇ. 7500ಎಫ್, 12400ಎಫ್ ಸ್ವಲ್ಪ ಅಗ್ಗ ನಿಜ, ಆದರೆ ಅವುಗಳಲ್ಲಿ ಗ್ರಾಫಿಕ್ಸ್ ಇಲ್ಲ (ಎಫ್ ಇಲ್ಲದಿದ್ದರೂ ಎಎಂ4ನ 5600ರಲ್ಲೂ ಇಲ್ಲ). ಕಾರ್ಡ್ ವಾರಂಟಿಗೆ ಹೋದರೆ ಅದು ಬರುವ ತನಕ ಪರದೆ ಕಪ್ಪು. 7600ರಲ್ಲಿ ಸಣ್ಣ ಗ್ರಾಫಿಕ್ಸ್ ಒಳಗೇ ಇದೆ. ವೈರನ್ನು ಬೋರ್ಡಿಗೆ ಚುಚ್ಚಿದರೆ ಓದು, ಆನ್‌ಲೈನ್ ಕ್ಲಾಸು, ಪಿಕ್ಚರ್ ಎಲ್ಲಾ ನಡೆಯುತ್ತದೆ.

ಇದರಿಂದ ಇನ್ನೊಂದು ಅನುಕೂಲವೂ ಇದೆ. ದುಡ್ಡು ಸಾಲದಿದ್ದರೆ ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಾಗಿಲ್ಲ. ಈ ಸಲ ಅರ್ತಿಂಗ್, ಯುಪಿಎಸ್, ಒಳ್ಳೆಯ ಪವರ್ ಸಪ್ಲೈ, ಮಾನಿಟರ್, ಕ್ಯಾಬಿನೆಟ್, ಬೋರ್ಡ್, 7600, ಎಸ್‌ಎಸ್‌ಡಿ, ರ‍್ಯಾಮ್ ಹಾಕಿ ಪಿಸಿ ಕಟ್ಟಿಬಿಡಿ. ಹಗುರದ ಆಟಗಳನ್ನು ಸೆಟ್ಟಿಂಗ್ ಇಳಿಸಿ ಆಡಿಕೊಂಡಿರಿ. ಕಾಫಿ ಮಾರಿ ಕೈಗೆ ದುಡ್ಡು ಬಂದಾಗ 16 ಜಿಬಿ ಕಾರ್ಡ್ ತಂದು ಸ್ಲಾಟಿಗೆ ಕೂರಿಸಿ. ಎಂಟು ಪಿನ್ನಿನ ವೈರ್ ಪವರ್ ಸಪ್ಲೈಯಲ್ಲಿ ಆಗಲೇ ಇರುತ್ತದೆ, ಮಾನಿಟರ್ ವೈರನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೆ ಹಾಕಿದರೆ ಆಯಿತು.