ಕುಲಗೆಟ್ಟ ಮತ ಅಂತೀರಲ್ಲ, ಕೆಡಿಸಿದ್ದು ಯಾರು?

ಎಣಿಕೆ ಮುಗಿದ ಮರುದಿನದ ಪೇಪರಿನಲ್ಲಿ, ಗೆದ್ದವರ ಹಾರ-ತುರಾಯಿ ಫೋಟೋದ ಕೆಳಗೆ ಒಂದು ಸಾಲು ಇದ್ದೇ ಇರುತ್ತೆ: ಕುಲಗೆಟ್ಟ ಮತ, ಅಂದ್ರೆ ಲೆಕ್ಕಕ್ಕೆ ಬಾರದೆ ತಿರಸ್ಕೃತವಾದ ವೋಟು, ಇಷ್ಟು. ಆ ಪದ ಕಂಡಾಗಲೆಲ್ಲ ಮೈಯುರಿಯುತ್ತೆ. ಕೆಲಸ ಬಿಟ್ಟು, ಬಸ್ಸು ಹಿಡಿದು, ಸರದಿಯಲ್ಲಿ ನಿಂತು ಹಾಕಿದ ವೋಟಿಗೆ ಇಂಥಾ ಹೆಸರು. ಪಂಚಾಯ್ತಿ ಚುನಾವಣೆ ಆದ್ರೆ "ಹಳ್ಳಿ ಜನಕ್ಕೆ ತಿಳಿಯಲ್ಲ" ಅಂತ ಮಾತು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರ ಆದ್ರೆ "ಮೇಷ್ಟ್ರಿಗೇ ವೋಟು ಹಾಕಕ್ಕೆ ಬರಲ್ಲ" ಅಂತ ನಗು. ನಗೋರು ಒಂದು ನಿಮಿಷ ನಿಂತು ನೋಡ್ರಿ, ಒಬ್ಬನೇ ಮತದಾರನ ಕೈಗೆ ಎಷ್ಟು ಥರದ ಪದ್ಧತಿ ಕೊಟ್ಟಿದೀವಿ ಅಂತ.

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಹಳ್ಳಿಯಲ್ಲಿರೋ ಯಾವುದಾದರೂ ಹೈಸ್ಕೂಲ್ ಮೇಷ್ಟ್ರ ಲೆಕ್ಕ ತಗೊಳ್ಳಿ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿಗೆ ಕಾಗದದ ಮತಪತ್ರ, ರಬ್ಬರ್ ಮೊಹರು. ವಾರ್ಡಿಗೆ ಮೂರು ಸ್ಥಾನ ಇದ್ದರೆ ಮೂರು ವೋಟು. 2023ರ ಮೇ 10ಕ್ಕೆ ವಿಧಾನಸಭೆ: ಯಂತ್ರ, ಒಂದೇ ವೋಟು, ಗುಂಡಿ ಒತ್ತಿ ಬಂದರೆ ಮುಗೀತು. 2024ರ ಮೇ 7ಕ್ಕೆ ಲೋಕಸಭೆ, ಅದೂ ಗುಂಡಿ. ಅಲ್ಲಿಂದ ಸರಿಯಾಗಿ 27 ದಿನಕ್ಕೆ, ಜೂನ್ 3ಕ್ಕೆ, ವಿಧಾನ ಪರಿಷತ್ತು. ಅಲ್ಲಿ ಗುಂಡಿ ಇಲ್ಲ, ಮೊಹರೂ ಇಲ್ಲ, ಚಿಹ್ನೆಯೂ ಇಲ್ಲ. ಹೆಸರಿನ ಮುಂದೆ ಅಂಕಿ ಬರೀಬೇಕು. ಅದೂ ಒಂದಲ್ಲ, ಎರಡು ಮತಪತ್ರ, ಯಾಕಂದ್ರೆ ಮೇಷ್ಟ್ರು ಪದವೀಧರರೂ ಹೌದು, ಆ ದಿನ ನೈರುತ್ಯ ಶಿಕ್ಷಕರ ಕ್ಷೇತ್ರ, ನೈರುತ್ಯ ಪದವೀಧರರ ಕ್ಷೇತ್ರ ಎರಡಕ್ಕೂ ಮತದಾನ. ಅದೇ ದಿನ ದಾವಣಗೆರೆ ಊರೊಳಗಿನ ಮೇಷ್ಟ್ರಿಗೆ ಒಂದೇ ಮತಪತ್ರ, ಯಾಕಂದ್ರೆ ಅವರು ಆಗ್ನೇಯ ಶಿಕ್ಷಕರ ಕ್ಷೇತ್ರ. ಆಗ್ನೇಯ ಪದವೀಧರರದ್ದು 2020ರ ಅಕ್ಟೋಬರ್‌ನಲ್ಲೇ ಆಗಿಹೋಗಿತ್ತು. ಒಂದೇ ಜಿಲ್ಲೆ, ಒಂದೇ ಸ್ಟಾಫ್ ರೂಮಿನಿಂದ ವರ್ಗವಾಗಿ ಹೋದ ಇಬ್ಬರು ಗೆಳೆಯರು ಫೋನಿನಲ್ಲಿ "ಎಷ್ಟು ಹಾಳೆ ಕೊಡ್ತಾರೆ" ಅಂತ ಕೇಳಿಕೊಂಡರೆ ಇಬ್ಬರ ಉತ್ತರವೂ ಬೇರೆ, ಇಬ್ಬರದ್ದೂ ಸರಿ.

ಹೀಗೆ ಯಾಕೆ ಅಂದ್ರೆ ಪರಿಷತ್ ಕ್ಷೇತ್ರದ ಗಡಿ ಇವತ್ತಿಗೂ ಹಳೇ ಜಿಲ್ಲೆಯ ಜಾಡಿನಲ್ಲೇ ಇದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಹೊನ್ನಾಳಿ-ಚನ್ನಗಿರಿ ಶಿವಮೊಗ್ಗದಿಂದ. ಮೊದಲ ಮೂರು ಇವತ್ತೂ ಚಿತ್ರದುರ್ಗ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಜೊತೆ ಆಗ್ನೇಯದಲ್ಲಿ. ಹೊನ್ನಾಳಿ, ಚನ್ನಗಿರಿ, ಆಮೇಲೆ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯವರು ಮಂಗಳೂರು, ಮಡಿಕೇರಿಯವರ ಜೊತೆ ನೈರುತ್ಯದಲ್ಲಿ. ಲೋಕಸಭೆಗೆ ಮಾತ್ರ ಎಲ್ಲರೂ ದಾವಣಗೆರೆ. ಇದನ್ನ ಒಂದು ಹಾಳೆಯಲ್ಲಿ ಬರೆದು ಶಾಲೆ ಶಾಲೆಗೆ ಅಂಟಿಸೋಕೆ ಎಷ್ಟು ಖರ್ಚಾಗುತ್ತೆ?

ಈಗ ಪರಿಷತ್ತಿನ ಮತಪತ್ರಕ್ಕೆ ಬರೋಣ, ಅತಿ ಹೆಚ್ಚು ಓದಿದವರ ವೋಟು ಹಾಳಾಗೋದು ಅಲ್ಲೇ. ಮತಗಟ್ಟೆಯಲ್ಲಿ ಕೊಡೋ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಬರೀಬೇಕು. ಜೇಬಿನಲ್ಲಿರೋ ಬಾಲ್ ಪೆನ್ನು ತೆಗೆದು ಬರೆದರೆ ಆ ಮತ ಹೋಯ್ತು. ಇಷ್ಟ ಆದ ಒಬ್ಬರ ಹೆಸರಿನ ಮುಂದೆ 1 ಅಂತ ಅಂಕಿ. "ಒಂದು" ಅಂತ ಅಕ್ಷರದಲ್ಲಿ ಬರೆದರೆ ಹೋಯ್ತು. ರೈಟ್ ಮಾರ್ಕ್ ಹಾಕಿದರೆ ಹೋಯ್ತು. ಅಡ್ಡಗೆರೆ ಎಳೆದರೆ ಹೋಯ್ತು. 1 ಬರೆದು, ಅದರ ಕೆಳಗೆ ಸಣ್ಣದಾಗಿ ಸಹಿ ಮಾಡಿದರೂ ಹೋಯ್ತು, ಯಾಕಂದ್ರೆ ಮತ ಹಾಕಿದ್ದು ಯಾರು ಅಂತ ಗೊತ್ತಾಗೋ ಯಾವ ಗುರುತೂ ಇರಬಾರದು. ಇಬ್ಬರ ಮುಂದೆ 1 ಬರೆದರೆ, ಒಬ್ಬರ ಮುಂದೆಯೇ 1, 2 ಎರಡೂ ಬರೆದರೆ, 1 ಬಿಟ್ಟು 2ರಿಂದ ಶುರು ಮಾಡಿದರೆ, 1 ಯಾರ ಮುಂದಿದೆ ಅಂತ ತಿಳಿಯದ ಹಾಗೆ ಎರಡು ಹೆಸರಿನ ನಡುವಿನ ಗೆರೆ ಮೇಲೆ ಬರೆದರೆ, ಎಲ್ಲವೂ ತಿರಸ್ಕೃತದ ಕಟ್ಟಿಗೆ. ಕನ್ನಡದ ೧, ೨, ೩ ಬರೀಬಹುದು, ರೋಮನ್ ಅಂಕಿಯೂ ನಡೆಯುತ್ತೆ, ಯಾವುದಾದರೂ ಒಂದೇ ಬಗೆಯಲ್ಲಿ ಬರೆದರೆ ತಕರಾರಿಲ್ಲ. ಕನ್ನಡ ಅಂಕಿ ನಡೆಯುತ್ತೆ ಅನ್ನೋದನ್ನ ಕನ್ನಡ ಮೇಷ್ಟ್ರಿಗೂ ಯಾರೂ ಹೇಳಿರಲ್ಲ.

ರೈಟ್ ಮಾರ್ಕಿನ ಬಗ್ಗೆ ಇನ್ನೊಂದು ಮಾತು. ಮೂವತ್ತು ವರ್ಷ ದಿನಕ್ಕೆ ನೂರು ಉತ್ತರ ಪತ್ರಿಕೆಗೆ ರೈಟ್ ಹಾಕಿ, ಕೆಳಗೆ ಸಹಿ ಮಾಡಿದ ಕೈ ಅದು. ಹಾಳೆ ಮುಂದೆ ಬಂತು, ಪೆನ್ನು ಕೈಗೆ ಬಂತು ಅಂದ್ರೆ ಕೈ ತಾನಾಗೇ ಅದನ್ನೇ ಮಾಡುತ್ತೆ. ಅದನ್ನ ತಡೆಯೋಕೆ ಇರೋ ಉಪಾಯ ಒಂದೇ: ಹಾಳೆ ಕೊಡೋ ಹೊತ್ತಿಗೆ "ರೈಟ್ ಹಾಕಬೇಡಿ, ಸಹಿ ಮಾಡಬೇಡಿ, ಅಂಕಿ ಬರೀರಿ" ಅಂತ ಬಾಯಿಬಿಟ್ಟು ಹೇಳೋದು. ಹೇಳೋರು ಎಷ್ಟು ಮಂದಿ?

ಎರಡನೇ ಪ್ರಾಶಸ್ತ್ಯದ, ಅಂದ್ರೆ ಎರಡನೇ ಆಯ್ಕೆಯವರ ಮುಂದೆ 2 ಬರೆಯೋ ವಿಷಯದಲ್ಲಂತೂ ಅಭ್ಯರ್ಥಿಗಳ ಕಡೆಯವರೇ ಜನರ ದಾರಿ ತಪ್ಪಿಸ್ತಾರೆ. "ನಮ್ಮೋರಿಗೆ 1 ಹಾಕಿ ಬಿಟ್ಬಿಡಿ ಸಾರ್, 2 ಹಾಕಿದ್ರೆ ನಮಗೇ ಹೊಡೆತ." ಇದು ಶುದ್ಧ ಸುಳ್ಳು. ಒಬ್ಬರೇ ಗೆಲ್ಲೋ ಕ್ಷೇತ್ರದಲ್ಲಿ ಸಿಂಧುವಾದ ಮತದ ಅರ್ಧಕ್ಕೆ ಒಂದು ಸೇರಿಸಿದರೆ ಕೋಟಾ, ಗೆಲ್ಲೋಕೆ ಅಷ್ಟು ಬೇಕು. ಲೆಕ್ಕಕ್ಕೆ ಸಾವಿರ ಮತ ಇಟ್ಟುಕೊಳ್ಳಿ, ಕೋಟಾ 501. ಮೊದಲನೆಯವರಿಗೆ 420, ಎರಡನೆಯವರಿಗೆ 350, ಮೂರನೆಯವರಿಗೆ 230 ಬಂತು. ಯಾರೂ 501 ಮುಟ್ಟಲಿಲ್ಲ. ಆಗ ಕೊನೆಯವರನ್ನ ಕೈಬಿಟ್ಟು, ಅವರ 230 ಹಾಳೆ ಬಿಚ್ಚಿ 2 ಯಾರಿಗಿದೆ ಅಂತ ನೋಡ್ತಾರೆ. 170ರಲ್ಲಿ ಎರಡನೆಯವರ ಹೆಸರು, 40ರಲ್ಲಿ ಮೊದಲನೆಯವರದ್ದು, 20ರಲ್ಲಿ ಏನೂ ಇಲ್ಲ. 350ಕ್ಕೆ 170 ಸೇರಿ 520, ಎರಡನೆಯವರು ಗೆದ್ದರು. ನಿಮ್ಮ 1 ಇರೋ ಅಭ್ಯರ್ಥಿ ಕಣದಲ್ಲಿ ಇರೋವರೆಗೂ ನಿಮ್ಮ 2ನ್ನ ಯಾರೂ ಮುಟ್ಟಲ್ಲ, ಹಾಗಾಗಿ ಅದರಿಂದ ಅವರಿಗೆ ಹೊಡೆತ ಬೀಳೋ ಮಾತೇ ಇಲ್ಲ. ಆದರೆ 2 ಬರೆಯದ ಆ 20 ಜನ ನಿರ್ಣಾಯಕ ಸುತ್ತಿನಲ್ಲಿ ಮತಗಟ್ಟೆಗೇ ಬರದವರ ಹಾಗಾದರು. 1, 2 ಬರೆದು 3 ಬಿಟ್ಟು 4 ಬರೆದರೂ ಹಾಗೇ, 2ರ ತನಕ ಲೆಕ್ಕ, ಆಮೇಲಿನದ್ದು ಇದ್ದೂ ಇಲ್ಲ.

ಇನ್ನು ಹೆಸರು ಸೇರಿಸೋ ಗೋಳು. ವೋಟರ್ ಕಾರ್ಡ್ ಇದೆ, ವಿಧಾನಸಭೆ ಪಟ್ಟಿಯಲ್ಲಿ ಹೆಸರಿದೆ ಅಂದಮಾತ್ರಕ್ಕೆ ಪರಿಷತ್ ಪಟ್ಟಿಯಲ್ಲಿ ಇರಲ್ಲ. ಪದವೀಧರರು ನಮೂನೆ 18, ಶಿಕ್ಷಕರು ನಮೂನೆ 19 ಬೇರೆ ಬೇರೆ ಕೊಡಬೇಕು. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗೇ ತಯಾರಾಗುತ್ತೆ, ಹೋದ ಸಲ ವೋಟು ಹಾಕಿದ್ದೆ ಅನ್ನೋದು ಈ ಸಲಕ್ಕೆ ಬರಲ್ಲ. ಪದವಿ ಮುಗಿದು, ಅರ್ಹತಾ ದಿನವಾದ ನವೆಂಬರ್ 1ಕ್ಕೆ ಮೂರು ವರ್ಷ ಆಗಿರಬೇಕು. ಶಿಕ್ಷಕರಾದರೆ ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಹೈಸ್ಕೂಲಿಗೆ ಕಡಿಮೆ ಇಲ್ಲದ ಸಂಸ್ಥೆಯಲ್ಲಿ ಪಾಠ ಮಾಡಿರಬೇಕು, ಪ್ರೈಮರಿ ಶಾಲೆ ಮೇಷ್ಟ್ರು ಬರಲ್ಲ. ಮತದಾನದ ದಿನ ಬಾಗಿಲಿಗೆ ಬಂದು, ಹೆಸರಿಲ್ಲ ಅಂತ ಮುಖ ಸಣ್ಣ ಮಾಡ್ಕೊಂಡು ವಾಪಸ್ ಹೋಗೋರನ್ನ ನೋಡಿದರೆ ಹೊಟ್ಟೆ ಉರಿಯುತ್ತೆ.

ಗ್ರಾಮ ಪಂಚಾಯ್ತಿಯದ್ದು ಬೇರೆಯೇ ಕಥೆ. 400 ಜನಸಂಖ್ಯೆಗೆ ಒಬ್ಬ ಸದಸ್ಯ ಅನ್ನೋ ಲೆಕ್ಕದಲ್ಲಿ ಸ್ಥಾನ ಹಂಚ್ತಾರೆ. ಹಾಗಾಗಿ ಹಿರಿಯೂರು, ಚಳ್ಳಕೆರೆ ಕಡೆ ಒಂದೇ ಪಂಚಾಯ್ತಿಯೊಳಗೆ ದೊಡ್ಡ ಊರಿನ ವಾರ್ಡಿಗೆ ಮೂರೋ ನಾಲ್ಕೋ ಸ್ಥಾನ, ಪಕ್ಕದ ಗೊಲ್ಲರಹಟ್ಟಿಗೋ ತಾಂಡಾಕ್ಕೋ ಒಂದೇ ಸ್ಥಾನ. ಎಷ್ಟು ಸ್ಥಾನವೋ ಅಷ್ಟು ವೋಟು, ಒಬ್ಬರಿಗೆ ಒಂದೇ. ಒಬ್ಬರಿಗೇ ಮೂರು ಸಲ ಮೊಹರು ಒತ್ತಿದರೆ ಮೂರು ವೋಟಾಗಲ್ಲ. ಮೂರು ಸ್ಥಾನ ಇದ್ದಾಗ ಎರಡಕ್ಕೇ ಒತ್ತಿ ಬಂದರೂ ಆ ಎರಡು ಸಿಂಧು. ಆದರೆ ಮೂರಿದ್ದಲ್ಲಿ ನಾಲ್ಕು ಒತ್ತಿದರೆ ಹೆಚ್ಚಿನ ಒಂದಷ್ಟೇ ಅಲ್ಲ, ಇಡೀ ಹಾಳೆ ತಿರಸ್ಕೃತ. ಊರಲ್ಲಿರೋ ಅಕ್ಕ "ಮೂರು ಕಡೆ ಒತ್ತಬೇಕಂತೆ ಕಣವ್ವಾ" ಅಂತ ಹಟ್ಟಿಗೆ ಕೊಟ್ಟ ತಂಗಿಗೆ ಹೇಳಿಕೊಡ್ತಾಳೆ. ತಂಗಿ ಹೋಗಿ ಹಾಗೇ ಮೂರು ಒತ್ತುತ್ತಾಳೆ, ಅಲ್ಲಿರೋದು ಒಂದೇ ಸ್ಥಾನ. ಅಕ್ಕ ಹೇಳಿದ್ದು ಸುಳ್ಳಲ್ಲ, ತಂಗಿ ದಡ್ಡಿಯಲ್ಲ. ಮತಗಟ್ಟೆ ಬಾಗಿಲಲ್ಲಿ "ಇಲ್ಲಿ 1 ಸ್ಥಾನ, 1 ವೋಟು" ಅಂತ ಅಂಗೈಯಷ್ಟು ಅಕ್ಷರದಲ್ಲಿ ಬರೆದು ಹಚ್ಚಿದ್ದರೆ ಆ ವೋಟು ಉಳೀತಿತ್ತು.

ಮೀಸಲಾತಿಯ ಗೊಂದಲವೂ ಇದೇ ಜಾಗದಲ್ಲಿ. ಮಹಿಳೆಗೆ, ಪರಿಶಿಷ್ಟರಿಗೆ ಮೀಸಲಾದ ಸ್ಥಾನಕ್ಕೆ ತಾವು ವೋಟು ಹಾಕಂಗಿಲ್ಲ ಅಂತ ತಿಳಿದು ಬಿಟ್ಟು ಬರೋರು ಎಷ್ಟೋ ಜನ. ಮೀಸಲಾತಿ ನಿಲ್ಲೋರಿಗೆ, ಹಾಕೋರಿಗಲ್ಲ. ಆ ವಾರ್ಡಿನ ಪಟ್ಟಿಯಲ್ಲಿರೋ ಎಲ್ಲರೂ ಯಾರಿಗೆ ಬೇಕಾದರೂ ಹಾಕಬಹುದು. ಪಕ್ಷದ ಚಿಹ್ನೆಯೂ ಇಲ್ಲದ ಚುನಾವಣೆ ಅದು. ಕೈ, ಕಮಲ, ತೆನೆ ಹುಡುಕೋ ಕಣ್ಣಿಗೆ ಅಲ್ಲಿ ಕಾಣೋದು ಬೇರೆಯೇ ಗುರುತುಗಳು.

ಕಾಗದ, ಮಸಿ, ಕೈ ಈ ಮೂರೂ ಕೂಡಿದಲ್ಲಿ ತಪ್ಪು ಹೇಗಾಗುತ್ತೆ ಅನ್ನೋದು ಮೇಜಿನ ಹತ್ತಿರ ನಿಂತು ನೋಡಿದರೇ ತಿಳಿಯೋದು. ಸಹಿ ಬಾರದ ಅಜ್ಜಿ ಬರ್ತಾಳೆ. ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಳ್ತಾರೆ. ಒದ್ದೆ ಬಟ್ಟೆಯಲ್ಲಿ ಆ ಬೆರಳು ಒರೆಸಿ ಆಮೇಲೆ ಮತಪತ್ರ ಕೊಡಬೇಕು. ಹಿಂದೆ ಸಾಲು ಉದ್ದ ಇದೆ ಅಂತ ಒರೆಸದೇ ಹಾಳೆ ಕೈಗಿಡ್ತಾರೆ. ಅಜ್ಜಿ ಹಾಳೆ ಹಿಡಿದ ಜಾಗದಲ್ಲೇ ಹೆಬ್ಬೆಟ್ಟು ಮೂಡುತ್ತೆ. ಎಣಿಕೆ ಮೇಜಿನ ಮೇಲೆ ಅದು ಮತದಾರರ ಗುರುತು ಬಿಟ್ಟುಕೊಟ್ಟ ಹಾಳೆ ಅಂತ ತಕರಾರು ಬರುತ್ತೆ. ಆ ಬೆರಳು ಒರೆಸಬೇಕಾಗಿದ್ದು ಅಜ್ಜಿಯಾ? ಡಿಸೆಂಬರ್‌ನಲ್ಲಿ ಚನ್ನಗಿರಿ ಕಡೆ ಅಡಿಕೆ ಸುಲಿಯೋ ಕೈಗಳು ಚೊಗರು ಹಿಡಿದು ಕಪ್ಪಾಗಿರ್ತವೆ, ಅಲ್ಲಂತೂ ಆ ಒದ್ದೆ ಬಟ್ಟೆ ಬೇಕೇ ಬೇಕು.

ಮಡಿಕೆಯೂ ಅಷ್ಟೇ ಮುಖ್ಯ. ಮೊದಲು ಉದ್ದಕ್ಕೆ ಮಡಚಬೇಕು, ಆಮೇಲೆ ಅಡ್ಡಕ್ಕೆ. ಉದ್ದಕ್ಕೆ ಮಡಚಿದರೆ ಹಸಿ ಮಸಿ ಅಂಟಿಕೊಂಡರೂ ಅದೇ ಸಾಲಿಗೆ, ಅದೇ ಹೆಸರಿನ ಮೇಲೆ ಅಂಟುತ್ತೆ. ಮೊದಲೇ ಅಡ್ಡಕ್ಕೆ ಮಡಚಿದರೆ ಮೇಲಿನವರ ಮೊಹರು ಕೆಳಗಿನವರ ಚಿಹ್ನೆ ಮೇಲೆ ಕೂರುತ್ತೆ. ಮೊಹರಿನಲ್ಲಿ ಆ ಬಾಣದ ಗುರುತು ಇಟ್ಟಿರೋದೇ ಅದಕ್ಕೆ: ಅಂಟಿಕೊಂಡ ನೆರಳಿನಲ್ಲಿ ಬಾಣ ಉಲ್ಟಾ ತಿರುಗಿರುತ್ತೆ, ಒತ್ತಿದ್ದು ಯಾವುದು, ಅಂಟಿದ್ದು ಯಾವುದು ಅಂತ ಹೇಳಬಹುದು. ಆದರೆ ರಾತ್ರಿ ಹತ್ತು ಗಂಟೆಗೆ, ಎರಡೂ ಕಡೆ ಏಜೆಂಟರು ಕೂಗಾಡ್ತಿರೋವಾಗ, ಬಾಣದ ಮುಖ ನೋಡೋ ತಾಳ್ಮೆ ಯಾರಿಗಿರುತ್ತೆ? ಪ್ಯಾಡು ಒಣಗಿದ್ದರೆ ಮೊಹರು ಮೂಡಲ್ಲ, ಮೂಡಿಲ್ಲ ಅಂತ ಮತದಾರ ಇನ್ನೊಂದು ಸಲ ಪಕ್ಕದಲ್ಲಿ ಒತ್ತುತ್ತಾನೆ, ಅದು ಗೆರೆ ದಾಟುತ್ತೆ. ಗಂಟೆಗೊಮ್ಮೆ ಪ್ಯಾಡು ನೋಡಿ ಮಸಿ ಬಿಡೋದು ಸಿಬ್ಬಂದಿ ಕೆಲಸ.

ಯಂತ್ರದಲ್ಲಿ ಇಷ್ಟೆಲ್ಲ ತಾಪತ್ರಯ ಇಲ್ಲ. ಒಂದು ಬ್ಯಾಲೆಟ್ ಯೂನಿಟ್ಟಿಗೆ 16 ಗುಂಡಿ, ನೋಟಾ ಸೇರಿ ಅದಕ್ಕಿಂತ ಹೆಚ್ಚಾದರೆ ಎರಡನೇ ಯೂನಿಟ್ ಪಕ್ಕದಲ್ಲಿ ಇಡ್ತಾರೆ, ತಮ್ಮ ಅಭ್ಯರ್ಥಿ ಅದರಲ್ಲಿದ್ದರೆ ಹಿರಿಯರು ಮೊದಲನೆಯದರಲ್ಲೇ ಹುಡುಕಿ ಸುಸ್ತಾಗ್ತಾರೆ, ಅಷ್ಟೇ.

2004ರಿಂದ ಈಚೆಗೆ ಲೋಕಸಭೆ, ವಿಧಾನಸಭೆ ಪೂರ್ತಿ ಯಂತ್ರ. ದಾವಣಗೆರೆ ಪಾಲಿಕೆಯ 45 ವಾರ್ಡಿಗೆ 2019ರಲ್ಲಿ ನಡೆದಿದ್ದೂ ಯಂತ್ರದಲ್ಲೇ. ಊರೊಳಗೆ ಹುಟ್ಟಿ ಬೆಳೆದು, ಪದವೀಧರರ ಪಟ್ಟಿಗೂ ಸೇರದ ಹುಡುಗ ಹುಡುಗಿಯರು ಒಂದು ಮತಪತ್ರವನ್ನೂ ಕೈಯಲ್ಲಿ ಹಿಡಿದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆ ಮತಪತ್ರದಲ್ಲೇ ನಡೀಲಿ ಅಂತ ಶಿಫಾರಸು ಮಾಡೋ ತೀರ್ಮಾನ ತಗೊಂಡಿತು. ಯಂತ್ರ ಒಳ್ಳೇದೋ ಕಾಗದ ಒಳ್ಳೇದೋ ಅಂತ ಟೀವಿಯಲ್ಲಿ ಜಗಳ ಆಡಿದ್ದೇ ಆಡಿದ್ದು. ಕಾಗದ ಮಡಚೋದು ಹೇಗೆ ಅಂತ ಕಲಿಸೋರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಜಾಗೃತಿ ಕಾರ್ಯಕ್ರಮಕ್ಕೇನೂ ಕೊರತೆ ಇಲ್ಲ. ಜಯದೇವ ಸರ್ಕಲ್ಲಿಂದ ಜಾಥಾ, ಮಾನವ ಸರಪಳಿ, ರಂಗೋಲಿ, ಬೈಕ್ ರ‍್ಯಾಲಿ, ಪ್ರತಿಜ್ಞಾವಿಧಿ. ಎಲ್ಲ ಬ್ಯಾನರಿನಲ್ಲೂ "ತಪ್ಪದೇ ಮತದಾನ ಮಾಡಿ". ಹೇಗೆ ಮಾಡಬೇಕು ಅನ್ನೋದು ಒಂದರಲ್ಲೂ ಇಲ್ಲ. ಅದೇ ದುಡ್ಡಿನಲ್ಲಿ ಮಾದರಿ ಮತಪತ್ರ ಅಚ್ಚು ಹಾಕಿಸಿ, ಒಂದು ಮೊಹರು, ಒಂದು ಪ್ಯಾಡು, ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು, ಸಂತೆ ದಿನ ಪಂಚಾಯ್ತಿ ಕಟ್ಟೆ ಮೇಲೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಓ) ಒಬ್ಬರನ್ನ ಎರಡು ಗಂಟೆ ಕೂರಿಸಿದರೆ ಸಾಕಿತ್ತು. ಜನ ಬಂದು ಒತ್ತಿ, ಮಡಚಿ, ಹಾಕಿ ನೋಡ್ಕೊಂಡು ಹೋಗ್ತಿದ್ರು.

ಎಲ್ಲಕ್ಕಿಂತ ಸಿಟ್ಟು ಬರೋದು ಇದಕ್ಕೆ. ಪರಿಷತ್ ಮತಪತ್ರದಲ್ಲಿ ಕೈತಪ್ಪಿ ಏನೋ ಆಯ್ತು, ರೈಟ್ ಬಿತ್ತು, ಇಬ್ಬರ ಮುಂದೆ 1 ಬಂತು ಅಂತಿಟ್ಟುಕೊಳ್ಳಿ. ಪೆಟ್ಟಿಗೆಗೆ ಹಾಕೋ ಮುಂಚೆ ಅದನ್ನ ಮತಗಟ್ಟೆ ಅಧ್ಯಕ್ಷಾಧಿಕಾರಿಗೆ ವಾಪಸ್ ಕೊಟ್ಟರೆ, ಬೇಕಂತ ಕೆಡಿಸಿದ್ದಲ್ಲ ಅಂತ ಅವರಿಗೆ ಅನ್ನಿಸಿದರೆ, ಅದನ್ನ ರದ್ದು ಮಾಡಿ ಬೇರೆ ಹಾಳೆ ಕೊಡೋಕೆ ನಿಯಮದಲ್ಲೇ ಅವಕಾಶ ಇದೆ. ತಪ್ಪಾಗಿದ್ದು ತಿಳಿದೂ, ಕೇಳೋಕೆ ಅಂಜಿ, ಅದನ್ನೇ ಮಡಚಿ ಪೆಟ್ಟಿಗೆಗೆ ಹಾಕಿ ಬರೋರು ಎಷ್ಟು ಮಂದಿ ಇರಬಹುದು. ಮತಪತ್ರ ಕೊಡೋ ಹೊತ್ತಿಗೆ ಒಂದೇ ಒಂದು ಮಾತು ಹೇಳಿದ್ದರೆ ಆಗಿತ್ತು: "ಯಜಮಾನ್ರೇ, ತಪ್ಪಾದ್ರೆ ಪೆಟ್ಟಿಗೆಗೆ ಹಾಕ್ಬೇಡಿ, ನನ್ ಹತ್ರ ತಗಂಡು ಬನ್ನಿ."