17ನೇ ರ‍್ಯಾಂಕಿಗೆ ಒಂದು ಮೆರವಣಿಗೆ

ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಫುಟ್‌ಬಾಲ್ ಕ್ಲಬ್ಬಿನ ಲಾಂಛನ ಒಂದು ಹುಂಜ. ಚೆಂಡಿನ ಮೇಲೆ ಕಾಲೂರಿ ಎದೆಯುಬ್ಬಿಸಿ ನಿಂತಿದೆ. ನಿಂತಿದ್ದೇ ಬಂತು. 2008ರಲ್ಲಿ ಲೀಗ್ ಕಪ್ ಗೆದ್ದಾಗ ಕೂಗಿದ್ದೇ ಕೊನೆ, ಆಮೇಲೆ 17 ವರ್ಷ ಸದ್ದಿಲ್ಲ. ಕಪ್ ಇಲ್ಲದ ವರ್ಷಗಳನ್ನು ಎಣಿಸುವ ಸಂಕಟವನ್ನು ‘ಈ ಸಲ ಕಪ್ ನಮ್ದೇ’ ಎನ್ನುತ್ತಾ ಬೆಳೆದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ ಬಿಡಿ.

2025ರ ಮೇ 21ರಂದು ಹುಂಜ ಕೂಗಿತು. ಸ್ಪೇನಿನ ಬಿಲ್ಬಾವೊದಲ್ಲಿ ಯುರೋಪಿನ ಕ್ಲಬ್ಬುಗಳ ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗ್‌ನ ಫೈನಲ್. ನಮ್ಮಲ್ಲಿ ಆಗ ಮಧ್ಯರಾತ್ರಿ ಹನ್ನೆರಡೂವರೆ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಹೆಸರು ಕೇಳಿದರೆ ಹುಲಿಗಳ ಕಾಳಗ ಅನ್ನಿಸುತ್ತದೆ, ಅಲ್ವಾ? ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಇರುವುದು 20 ತಂಡ. ಆ ಸೀಸನ್ ಮುಗಿದಾಗ ಯುನೈಟೆಡ್ 15ನೇ ಸ್ಥಾನ, ಟಾಟನ್‌ಹ್ಯಾಮ್ 17. ಕೊನೆಯ ಮೂವರನ್ನು ಕೆಳಗಿನ ಡಿವಿಷನ್‌ಗೆ ತಳ್ಳುತ್ತಾರೆ. ಅಂದರೆ ಟಾಟನ್‌ಹ್ಯಾಮ್ ಕೂತಿದ್ದು ಪ್ರಪಾತದ ಪಕ್ಕದಲ್ಲೇ, ವಿಂಡೋ ಸೀಟು.

ಗೋಲಾದರೂ ನೋಡುವ ಹಾಗಿತ್ತೇ? 42ನೇ ನಿಮಿಷ. ಎಡಗಡೆಯಿಂದ ಚೆಂಡು ಬಂತು. ಟಾಟನ್‌ಹ್ಯಾಮ್‌ನ ಬ್ರೆನನ್ ಜಾನ್ಸನ್ ಕಾಲು ಚಾಚಿದ. ಚೆಂಡು ಎದುರಾಳಿ ಲ್ಯೂಕ್ ಶಾ ಮೈಗೆ ಬಡಿಯಿತು. ಜಾನ್ಸನ್ ಮತ್ತೆ ತಡಕಾಡಿದ. ಮುಟ್ಟಿದನೋ ಬಿಟ್ಟನೋ, ಚೆಂಡು ಸಂತೆ ಮುಗಿಸಿ ಮನೆಗೆ ಹೊರಟವರ ಹಾಗೆ ನಿಧಾನಕ್ಕೆ ಗೆರೆ ದಾಟಿತು. ಅಷ್ಟೇ. 1-0. ನಾಯಕ ಸನ್ ಹ್ಯೂಂಗ್-ಮಿನ್ ಕೊರಿಯಾ ಬಾವುಟ ಸೊಂಟಕ್ಕೆ ಸುತ್ತಿಕೊಂಡು ಅತ್ತ. ಕ್ಲಬ್ಬಿಗೆ ಬಂದು ಹತ್ತು ವರ್ಷಕ್ಕೆ ಮೊದಲ ಕಪ್. ಅದನ್ನು ಗೇಲಿ ಮಾಡುವಷ್ಟು ಕಲ್ಲು ಮನಸ್ಸು ನನ್ನದಲ್ಲ.

ಗೇಲಿ ಮಾಡಬೇಕಾದ್ದು ಮಾರ್ಕ್ಸ್ ಕಾರ್ಡನ್ನು. ಲೀಗ್‌ನಲ್ಲಿ ಟಾಟನ್‌ಹ್ಯಾಮ್ ಆಡಿದ್ದು 38 ಪಂದ್ಯ, ಸೋತಿದ್ದು 22, ಸಿಕ್ಕಿದ್ದು 38 ಪಾಯಿಂಟ್. ಗಾಯಾಳುಗಳ ಪಟ್ಟಿ ಉದ್ದ ಇತ್ತು, ನಿಜ. ಆದರೂ 22! ಅದೇ ವರ್ಷ ಆ್ಯಸ್ಟನ್ ವಿಲ್ಲಾ 66 ಪಾಯಿಂಟ್ ತೆಗೆದು, ಗೋಲುಗಳ ಲೆಕ್ಕದಲ್ಲಿ ಹಿಂದೆ ಬಿದ್ದು ಯುರೋಪಿನ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೀಟು ಕಳೆದುಕೊಂಡಿತು. ಬ್ರೈಟನ್‌ಗೆ 61 ಪಾಯಿಂಟ್ ಇದ್ದರೂ ಯುರೋಪಿನ ಯಾವ ಟೂರ್ನಿಯಲ್ಲೂ ಜಾಗವಿಲ್ಲ. 38 ಪಾಯಿಂಟಿನವರು ಸೀದಾ ಚಾಂಪಿಯನ್ಸ್ ಲೀಗ್‌ಗೆ! ಯುರೋಪಾ ಗೆದ್ದವರಿಗೆ ಅಲ್ಲಿ ಸೀಟು ಗ್ಯಾರಂಟಿ ಎನ್ನುವುದು ನಿಯಮ. ಎಲ್ಲಾ ಸಬ್ಜೆಕ್ಟಲ್ಲೂ ಫೇಲಾದ ಹುಡುಗ ಡ್ರಾಯಿಂಗ್‌ನಲ್ಲಿ ಫಸ್ಟ್ ಬಂದು ಮೆಡಿಕಲ್ ಸೀಟು ಹೊಡೆದ ಹಾಗೆ.

ಕೋಚ್ ಏಂಜ್ ಪೋಸ್ಟೆಕೊಗ್ಲು ಸೀಸನ್ ಶುರುವಿನಲ್ಲೇ ಹೇಳಿದ್ದರು, ಯಾವ ಕ್ಲಬ್‌ಗೆ ಹೋದರೂ ಎರಡನೇ ವರ್ಷ ಏನಾದರೊಂದು ಗೆದ್ದೇ ಗೆಲ್ಲುತ್ತೇನೆ ಅಂತ. ಜನ ನಕ್ಕರು. ಆಸಾಮಿ ಗೆದ್ದೇಬಿಟ್ಟರು. ಮೇ 23ರಂದು ತೆರೆದ ಬಸ್ಸಿನಲ್ಲಿ ಮೆರವಣಿಗೆ. ರಸ್ತೆ ತುಂಬಾ ಜನ. ಮೈಕ್ ಸಿಕ್ಕಿದ್ದೇ ತಡ, ಒಳ್ಳೆಯ ಟಿವಿ ಸೀರಿಯಲ್‌ಗಳಲ್ಲಿ ಮೂರನೇ ಸೀಸನ್ ಎರಡನೆಯದಕ್ಕಿಂತ ಚೆನ್ನಾಗಿರುತ್ತದೆ ಎಂದುಬಿಟ್ಟರು. ಎರಡು ದಿನ ಬಿಟ್ಟು ಅದೇ ಬ್ರೈಟನ್ ಬಂದು ಇವರದೇ ಮೈದಾನದಲ್ಲಿ 4-1 ಬಾರಿಸಿ ಹೋಯಿತು. ಹೊಟ್ಟೆಯುರಿ ಇರಲ್ವಾ ಪಾಪ.

ಜೂನ್ 6ರಂದು ಮೂರನೇ ಸೀಸನ್‌ನ ಕಥೆ ಬಂತು. ಸೀರಿಯಲ್‌ನಲ್ಲಿ ಪಾತ್ರ ಬೇಡವಾದಾಗ ಫೋಟೋಗೆ ಹಾರ ಹಾಕಿಬಿಡುತ್ತಾರಲ್ಲ, ಹಾಗೆ. ಏಂಜ್ ಔಟ್. ಕ್ಲಬ್ಬಿನ ಹೇಳಿಕೆಯಂತೂ ಫ್ರೇಮ್ ಹಾಕಿಸಿ ಇಡುವಂಥದ್ದು. ಈ ಕಪ್ ನಮ್ಮ ಇತಿಹಾಸದ ದೊಡ್ಡ ಗಳಿಗೆಗಳಲ್ಲಿ ಒಂದು ಅಂತ ಒಂದು ಕಡೆ. ಈ ಗೆಲುವಿನ ಭಾವನೆಗಳನ್ನು ನಂಬಿಕೊಂಡು ತೀರ್ಮಾನ ಮಾಡಲಾಗದು ಅಂತ ಇನ್ನೊಂದು ಕಡೆ. ಜೊತೆಗೆ ಕೊನೆಯ 66 ಲೀಗ್ ಪಂದ್ಯಗಳಲ್ಲಿ 78 ಪಾಯಿಂಟ್ ಎಂಬ ಲೆಕ್ಕ.

ಲೆಕ್ಕ ಸರಿಯೇ ಇದೆ. 22 ಪಂದ್ಯ ಸೋತ ಕೋಚ್‌ನನ್ನು ಮನೆಗೆ ಕಳಿಸಿದರೆ ಯಾರೂ ಕೇಳುವುದಿಲ್ಲ. ಆದರೆ ಸೋಲುತ್ತಿದ್ದಷ್ಟು ದಿನ ಇವರು ಸುಮ್ನೆ ಇದ್ದರು. ಕಪ್ ಗೆದ್ದ ಮೇಲೆ 16 ದಿನ ತಡೆದುಕೊಳ್ಳುವಷ್ಟರಲ್ಲಿ ಸಾಕಾಗಿಹೋಯಿತು. ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗಾಗುವುದು ಅಂದುಕೊಂಡಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಇಲ್ಲಿ ಹುಂಜ ಕೂಗಿತು, ಬೆಳಗೂ ಆಯಿತು. ಆಡಳಿತ ಮಂಡಳಿ ಮಾತ್ರ ಕಾಳು ಹಾಕಿದವನನ್ನು ಕರೆದು, ‘ಅದೆಲ್ಲ ಇರಲಿ, ವರ್ಷಕ್ಕೆ ಮೊಟ್ಟೆ ಎಷ್ಟು ಇಟ್ಟಿತು?’ ಅಂತ ಕೇಳಿತು.

ಏಂಜ್ ಸೆಪ್ಟೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ ಸೇರಿದರು. ಎಂಟು ಪಂದ್ಯ, ಒಂದೂ ಗೆಲುವಿಲ್ಲ. ಚೆಲ್ಸಿ ವಿರುದ್ಧ 3-0 ಸೋತು ಆಟಗಾರರು ಬೂಟು ಬಿಚ್ಚುವಷ್ಟರಲ್ಲಿ ಅವರನ್ನು ತೆಗೆದ ಸುದ್ದಿ ಬಂತು. 39 ದಿನದ ಕೆಲಸ. ಅವರ ಎರಡನೇ ವರ್ಷ ಶುರುವಾಗಲು ಇನ್ನು ಬರೀ 326 ದಿನ ಬಾಕಿ ಇತ್ತು.