ಗುರುವಿಗೇ ತಿರುಮಂತ್ರ

1928ರಲ್ಲಿ ನ್ಯೂಯಾರ್ಕ್ ಗವರ್ನರ್ ಅಲ್ ಸ್ಮಿತ್ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತರು. ಮನುಷ್ಯ ಕ್ಯಾಥೊಲಿಕ್, ವ್ಯಾಟಿಕನ್ನಿನ ಪೋಪ್‌ರನ್ನು ಗುರು ಅನ್ನುವವರು. ಅಷ್ಟೇ ಸಾಕಾಯಿತು. ಹಿಂದಿನ ವರ್ಷವಷ್ಟೇ ಅಲ್ಲಿ ನದಿಯಡಿ ಹಾಲೆಂಡ್ ಸುರಂಗ ಶುರುವಾಗಿತ್ತು. ಅದರ ಬಾಯಲ್ಲಿ ಸ್ಮಿತ್ ನಿಂತ ಫೋಟೋ ತೋರಿಸಿ, 'ಈ ಸುರಂಗ ಸೀದಾ ವ್ಯಾಟಿಕನ್‌ಗೆ ಹೋಗುತ್ತೆ' ಅಂತ ಸುದ್ದಿ ಹಬ್ಬಿಸಿದರು. ವಾಟ್ಸಾಪ್ ಇಲ್ಲದ ಕಾಲ. ಆದರೂ ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಸ್ಮಿತ್ ಸೋತರು.

1960ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತ ಇನ್ನೊಬ್ಬ ಕ್ಯಾಥೊಲಿಕ್ ಕೆನಡಿ ಹ್ಯೂಸ್ಟನ್ನಿಗೆ ಹೋಗಿ, ಪೋಪ್‌ರನ್ನು ಒಪ್ಪದ ಪ್ರಾಟೆಸ್ಟೆಂಟ್ ಪಾದ್ರಿಗಳೆದುರು ನಿಂತು, ಸರ್ಕಾರದ ವಿಷಯದಲ್ಲಿ ನಾನು ಚರ್ಚ್ ಪರವಾಗಿ ಮಾತಾಡಲ್ಲ, ಚರ್ಚ್ ನನ್ನ ಪರವಾಗಿ ಮಾತಾಡಲ್ಲ ಎಂದು ಒಪ್ಪಿಸಬೇಕಾಯಿತು. ಆಮೇಲೇ ಗೆದ್ದಿದ್ದು.

ಕ್ಯಾಥೊಲಿಕ್ ನಾಯಕ ಪೋಪ್ ಹೇಳಿದಂತೆ ಕುಣಿದುಬಿಟ್ಟರೆ? ಇದೇ ಭಯ. ಪಾಪ, ಸುಮ್ನೆ ಹೆದರಿದ್ದರು. ಪೋಪ್‌ಗೇ ಹೇಳಿಕೊಡುವ ಕ್ಯಾಥೊಲಿಕರು ಮುಂದೆ ಬರುತ್ತಾರೆ ಅಂತ ಅವರಿಗೇನು ಗೊತ್ತು?

ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಕ್ಯಾಥೊಲಿಕ್ ಆಗಿದ್ದು 2019ರಲ್ಲಿ. 2025ರ ಜನವರಿಯಲ್ಲಿ, ವಲಸಿಗರನ್ನು ಹೊರಗಟ್ಟುವ ಭರಾಟೆ ನಡೆದಿರುವಾಗ, ಟಿವಿಯಲ್ಲಿ ಕೂತು ಪ್ರೀತಿಗೊಂದು ಕ್ಯೂ ಮಾಡಿದರು. ಮೊದಲು ಮನೆಯವರು, ಆಮೇಲೆ ನೆರೆಯವರು, ಊರವರು, ದೇಶದವರು. ಮಿಕ್ಕಿದ್ದರೆ ಜಗತ್ತು. ಮನೆಗೆ ಮಾರಿ ಊರಿಗೆ ಉಪಕಾರಿ ಆಗಬೇಡಿ ಅನ್ನೋದನ್ನು ನಮ್ಮಜ್ಜಿಯೂ ಹೇಳುತ್ತಿದ್ದಳು. ಆದರೆ ಅವಳು ಅದನ್ನು ಗಡೀಪಾರಿಗೆ ಬಳಸಲಿಲ್ಲ. ಜನ ಪ್ರಶ್ನೆ ಕೇಳಿದಾಗ ವ್ಯಾನ್ಸ್ ಕೊಟ್ಟ ಉತ್ತರ ಇನ್ನೂ ಚೆಂದ: 'ಓರ್ಡೊ ಅಮೋರಿಸ್' ಅಂತ ಗೂಗಲ್ ಮಾಡಿ. ಪ್ರೀತಿಯ ಕ್ರಮ ಅಂತ ಅದರರ್ಥ, ಲ್ಯಾಟಿನ್. ಹಳೇ ಕಾಲದ ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ ಕಾಲದ ಮಾತು.

ಫೆಬ್ರವರಿ 10ಕ್ಕೆ ಪೋಪ್ ಫ್ರಾನ್ಸಿಸ್ ಅಮೆರಿಕದ ಧರ್ಮಾಧ್ಯಕ್ಷರಿಗೆ ಪತ್ರ ಬರೆದರು. ನಿಜವಾದ ಓರ್ಡೊ ಅಮೋರಿಸ್ ಬೇಕಾದರೆ ಬೈಬಲಿನ ಒಳ್ಳೆಯ ಸಮಾರ್ಯದವನ ಕಥೆ ಧ್ಯಾನಿಸಿ ಎಂದರು. ಅವನು ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ, ವಿಳಾಸ ಕೇಳಲಿಲ್ಲ ಅಲ್ವಾ? ಪತ್ರದಲ್ಲಿ ವ್ಯಾನ್ಸ್ ಹೆಸರಿರಲಿಲ್ಲ. ಕುಂಬಳಕಾಯಿ ಕಳ್ಳ ಯಾರೆಂದು ಹೇಳುವ ಅಗತ್ಯವೂ ಇರಲಿಲ್ಲ.

ಟ್ರಂಪ್ ಸರ್ಕಾರದ ಗಡಿ ಉಸ್ತುವಾರಿ ಟಾಮ್ ಹೋಮನ್ ಕೂಡ ಕ್ಯಾಥೊಲಿಕ್ಕೇ. ಪೋಪ್ ಮೊದಲು ತಮ್ಮ ಚರ್ಚ್ ಸರಿಮಾಡಿಕೊಳ್ಳಲಿ, ವ್ಯಾಟಿಕನ್‌ಗೂ ಗೋಡೆ ಇದೆಯಲ್ಲ ಎಂದರು. ಆ ಗೋಡೆಯ ನಡುವಿನ ಚೌಕಕ್ಕೆ ಯಾರು ಬೇಕಾದರೂ ನಡೆದು ಬರುತ್ತಾರೆ. ಬಿಡಿ, ಗೋಡೆ ತಜ್ಞರ ಹತ್ತಿರ ಏನು ವಾದ.

ಆ ಕಡೆಯ ಡೆಮಾಕ್ರಟರೂ ಸಾಚಾ ಏನಲ್ಲ. ಗರ್ಭಪಾತದ ಹಕ್ಕಿನ ಪರವಿದ್ದ ಕ್ಯಾಥೊಲಿಕ್ ಅಧ್ಯಕ್ಷ ಬೈಡನ್‌ಗೆ ಚರ್ಚಿನ ಪೂಜೆಯಲ್ಲಿ ಪರಮಪ್ರಸಾದ ಕೊಡಬೇಕೋ ಬೇಡವೋ ಅಂತ 2021ರಲ್ಲಿ ಚರ್ಚೆಯೋ ಚರ್ಚೆ. ಬೈಡನ್ ಪೋಪ್ ಭೇಟಿ ಮುಗಿಸಿ ಹೊರಬಂದು, ನೀನು ಒಳ್ಳೆಯ ಕ್ಯಾಥೊಲಿಕ್ ಎಂದು ಪೋಪೇ ಹೇಳಿದರು ಅಂದರು. ಗರ್ಭಪಾತ ಅಂದರೆ ಒಂದು ಪಕ್ಷಕ್ಕೆ ಕಿವಿ ಮಂದ, ವಲಸಿಗರು ಅಂದರೆ ಇನ್ನೊಂದಕ್ಕೆ. ಅಮೆರಿಕದಲ್ಲಿ ಇಂಥವರನ್ನು ಕೆಫೆಟೇರಿಯಾ ಕ್ಯಾಥೊಲಿಕ್ ಅನ್ನುತ್ತಾರೆ. ಪಲ್ಯ ಬೇಡ, ಚಟ್ನಿ ಜಾಸ್ತಿ ಹಾಕಿ, ಬಿಲ್ ಮಾತ್ರ ದೇವರ ಹೆಸರಿಗೆ ಬರೀರಿ.

2025ರ ಏಪ್ರಿಲ್ 20, ಈಸ್ಟರ್ ದಿನ ವ್ಯಾನ್ಸ್ ಫ್ರಾನ್ಸಿಸರನ್ನು ಕಂಡರು. ಪೋಪ್, ವ್ಯಾನ್ಸರ ಮೂವರು ಮಕ್ಕಳಿಗೆ ಚಾಕೊಲೇಟ್ ಮೊಟ್ಟೆ ಕೊಟ್ಟು ಕಳಿಸಿದರು. ಮರುದಿನ ಪೋಪ್ ತೀರಿಕೊಂಡರು. ಎರಡು ವಾರದೊಳಗೆ ಟ್ರಂಪ್ ತಾವೇ ಪೋಪ್ ಉಡುಪಿನಲ್ಲಿ ಕೂತ ಎಐ ಚಿತ್ರ ಹಾಕಿಕೊಂಡರು. ಹೊಸ ಪೋಪ್ ಲಿಯೋ ಬಂದಿದ್ದು ಶಿಕಾಗೋದಿಂದ. ಸುರಂಗ ನಿಜವೇ ಇತ್ತೇನೋ, ಜನ ಮಾತ್ರ ಉಲ್ಟಾ ದಿಕ್ಕಿನಲ್ಲಿ ಹೋದರು.

ಮೇ ತಿಂಗಳಲ್ಲಿ ವ್ಯಾನ್ಸ್ ಮತ್ತೆ ವ್ಯಾಟಿಕನ್‌ಗೆ ಹೋದರು. ಲಿಯೋ ಅಗಸ್ಟೀನ್ ಪಂಥದ ಸನ್ಯಾಸಿ. ಹನ್ನೆರಡು ವರ್ಷ ಇಡೀ ಪಂಥದ ಮುಖ್ಯಸ್ಥರಾಗಿದ್ದವರು. ಅವರಿಗೆ ವ್ಯಾನ್ಸ್ ತಂದುಕೊಟ್ಟ ಉಡುಗೊರೆ: ಶಿಕಾಗೋ ಫುಟ್ಬಾಲ್ ತಂಡದ ಒಂದು ಜೆರ್ಸಿ, ಜೊತೆಗೆ ಸಂತ ಅಗಸ್ಟೀನ್ ಬರೆದ ಎರಡು ಪುಸ್ತಕ. ಶ್ವೇತಭವನಕ್ಕೆ ಬನ್ನಿ ಎಂಬ ಟ್ರಂಪ್ ಪತ್ರವನ್ನೂ ಕೊಟ್ಟರು. ಪೋಪ್ ಅದನ್ನು ಮೇಜಿನ ಮೇಲಿಟ್ಟು, ಯಾವಾಗಲಾದರೂ ನೋಡೋಣ ಅಂದರು.